ಹುಲಿ ಉಳಿಯಿತು, ಅದರ ಸಂಗೀತ ಉಳಿಯಲಿಲ್ಲ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಹುಲಿಯನ್ನು ಕನ್ನಡಿಗರಲ್ಲಿ ಹೆಚ್ಚಿನವರು ಚಿತ್ರದಲ್ಲಾದರೂ ಕಂಡಿದ್ದಾರೆ. ಯುರೋಪಿನ ಉಡುಪು ತೊಟ್ಟವನೊಬ್ಬನನ್ನು ನೆಲಕ್ಕೆ ಕೆಡವಿ, ಅವನ ಕುತ್ತಿಗೆಗೆ ಬಾಯಿ ಹಾಕಿರುವ, ಬಣ್ಣ ಬಳಿದ ಮರದ ಹುಲಿ ಅದು. ಉದ್ದ ಸುಮಾರು ಆರು ಅಡಿ. 18ನೇ ಶತಮಾನದ ಕೊನೆಯಲ್ಲಿ ಮೈಸೂರು ರಾಜ್ಯದಲ್ಲಿ ತಯಾರಾದ ಈ ಕೀಲುಗೊಂಬೆಯನ್ನು, 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಅರಮನೆಯ ಸಂಗೀತದ ಕೋಣೆಯಿಂದ ಈಸ್ಟ್ ಇಂಡಿಯಾ ಕಂಪನಿಯವರು ಹೊತ್ತೊಯ್ದರು. ಅದರ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಬಿದ್ದವನ ಕೈ ಮೇಲೇಳುತ್ತದೆ, ಅವನ ಬಾಯಿಂದ ನರಳಾಟ ಹೊರಡುತ್ತದೆ, ಹುಲಿಯ ತಲೆಯೊಳಗಿನ ಕೊಳವೆಗಳು ಗುರುಗುಟ್ಟುತ್ತವೆ. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ ಒಳಗೆ ದಂತದ 18 ಗುಂಡಿಗಳಿರುವ ಒಂದು ಪುಟ್ಟ ಆರ್ಗನ್ ಇದೆ. ಗರ್ಜನೆ, ನರಳಾಟ ಎರಡನ್ನೂ ಯಂತ್ರವೇ ಮಾಡುತ್ತದೆ. ರಾಗ ಹುಟ್ಟಬೇಕಾದರೆ ಮಾತ್ರ ಆ ಗುಂಡಿಗಳ ಮೇಲೆ ಮನುಷ್ಯನ ಬೆರಳು ಓಡಬೇಕು. ಇನ್ನೂರು ವರ್ಷ ಕಳೆದ ಮೇಲೆ ನಮ್ಮಲ್ಲಿ ಉಳಿದಿರುವುದು ಗರ್ಜನೆ ಮತ್ತು ನರಳಾಟ. ಶ್ರೀರಂಗಪಟ್ಟಣದ ಆ ಕೋಣೆಯಲ್ಲಿ ಯಾವ ರಾಗ ನುಡಿಯುತ್ತಿತ್ತು, ನುಡಿಸುತ್ತಿದ್ದವರು ಯಾರು ಎಂಬುದು ಪೂರ್ತಿ ಅಳಿಸಿಹೋಗಿದೆ. ಚಲಿಸುವ, ಹಾಡುವ ಕಲೆಯಲ್ಲಿ ವಸ್ತುವನ್ನು ಕಾಪಾಡಿದರೆ ಅರ್ಧ ಕೆಲಸ ಮಾತ್ರ ಆದಂತೆ. ಅದನ್ನು ಚಲಿಸುವಂತೆ ಮಾಡುವ ತಿಳಿವಳಿಕೆಯನ್ನೂ ಅದನ್ನು ಹೊತ್ತವರ ಹೆಸರನ್ನೂ ಜೊತೆಗೇ ಬರೆದಿಡದಿದ್ದರೆ ಕಲೆ ಉಳಿಯುವುದಿಲ್ಲ. ಈ ಮಾತು ಇವತ್ತು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಗೆ ನೇರವಾಗಿ ಅನ್ವಯಿಸುತ್ತದೆ.

ಹುಲಿಯ ಬಗ್ಗೆ ಮೊದಲು ಏಳುವ ಪ್ರಶ್ನೆ, ಅದನ್ನು ಮಾಡಿದವರು ಯಾರು ಎಂಬುದು. ಮರದ ಕೆತ್ತನೆ, ಬಣ್ಣ, ಪಟ್ಟೆಗಳ ವಿನ್ಯಾಸ ಈ ನೆಲದವೇ ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ಒಳಗಿನ ಆರ್ಗನ್ ಮಾತ್ರ ಯುರೋಪಿನ ಬಗೆಯದು. ಟಿಪ್ಪು ಫ್ರಾನ್ಸಿನ ಜೊತೆ ಗಾಢವಾದ ನಂಟು ಇಟ್ಟುಕೊಂಡಿದ್ದ. ಅವನ ರಾಯಭಾರಿಗಳು 1788ರಲ್ಲಿ ಹಡಗಿನಲ್ಲಿ ಟೂಲಾನ್ ಬಂದರಿಗೆ ಹೋಗಿ, ಅದೇ ವರ್ಷ ಆಗಸ್ಟಿನಲ್ಲಿ ವರ್ಸೈ ಅರಮನೆಯಲ್ಲಿ 16ನೇ ಲೂಯಿಯನ್ನು ಕಂಡರು. ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕಳಿಸಿಕೊಡುವಂತೆ ಕೇಳಿದರು. ಹೀಗಾಗಿ ಹುಲಿಯ ಹೊಟ್ಟೆಯೊಳಗಿನ ಕೆಲಸ ಫ್ರೆಂಚ್ ಕೈಗಳದ್ದು ಎಂದು ಕೆಲವರು, ಫ್ರೆಂಚರಿಂದ ಕಲಿತ ಮೈಸೂರಿನವರದ್ದು ಎಂದು ಇನ್ನು ಕೆಲವರು ವಾದಿಸುತ್ತ ಬಂದಿದ್ದಾರೆ. ಎರಡೂ ವಾದಗಳಿಗೆ ತಕ್ಕಷ್ಟು ಆಧಾರವಿದೆ, ಎರಡಕ್ಕೂ ಕೊನೆಯ ಪುರಾವೆ ಇಲ್ಲ. ವಸ್ತುವನ್ನೇ ಬಿಚ್ಚಿ ನೋಡಿ ತೀರ್ಮಾನಿಸೋಣವೆಂದರೆ ಅದೂ ಕಷ್ಟ. ಲಂಡನ್ನಿನಲ್ಲಿ ಅದನ್ನು 1808ರಿಂದ ಜನರ ಮುಂದಿಟ್ಟಾಗ ಬಂದವರೆಲ್ಲ ಹಿಡಿಕೆ ತಿರುಗಿಸಿದರು, ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಛಾವಣಿ ಕುಸಿದು ಹುಲಿ ನೂರಾರು ಚೂರಾಯಿತು, ಮತ್ತೆ ಜೋಡಿಸಿದರು. ಪ್ರತಿ ರಿಪೇರಿಯಲ್ಲೂ ಮೂಲದ ಗುರುತು ಒಂದಿಷ್ಟು ಅಳಿಯಿತು. ಇದರಿಂದ ತಿಳಿಯುವುದು ಒಂದೇ. ಮಾಡಿದ ಹೊತ್ತಿನಲ್ಲಿ ಒಂದು ಪುಟ ಬರೆದಿಟ್ಟಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಬರೆದಿಡದ ಕಾರಣಕ್ಕೆ, ಯಂತ್ರ ಎಂದ ಕೂಡಲೇ ಶ್ರೇಯಸ್ಸನ್ನು ಹೊರಗಿನವರಿಗೆ ಒಪ್ಪಿಸುವ ಅಭ್ಯಾಸಕ್ಕೆ ನಮ್ಮ ಬಡಗಿ, ಕಮ್ಮಾರ, ಬಣ್ಣಗಾರರು ಉತ್ತರ ಕೊಡಲಾರದೆ ನಿಂತಿದ್ದಾರೆ.

ಫ್ರಾನ್ಸಿನಲ್ಲಿ ಇದೇ ಬಗೆಯ ಗೊಂಬೆಗಳಿಗೆ ಏನಾಯಿತು ಎಂದು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಗ್ರೆನೋಬಲ್‌ನ ಝಾಕ್ ವೊಕಾನ್‌ಸನ್ 1738ರಲ್ಲಿ ಕೊಳಲು ನುಡಿಸುವ ಆಳೆತ್ತರದ ಗೊಂಬೆಯೊಂದನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಅದರ ತುಟಿಗಳ ನಡುವಿನಿಂದ ನಿಜವಾಗಿಯೂ ಗಾಳಿ ಹೊರಡುತ್ತಿತ್ತು, ಬೆರಳುಗಳು ನಿಜವಾದ ಕೊಳಲಿನ ರಂಧ್ರಗಳನ್ನು ಮುಚ್ಚಿ ತೆರೆಯುತ್ತಿದ್ದವು, ಹನ್ನೆರಡು ಧಾಟಿಗಳನ್ನು ಅದು ನುಡಿಸುತ್ತಿತ್ತು. ಆ ಗೊಂಬೆ ಇವತ್ತು ಇಲ್ಲ. ಆದರೆ ತಿದಿಗಳು ಎಷ್ಟು, ಗಾಳಿಯ ಒತ್ತಡವನ್ನು ಹೇಗೆ ಹಂಚಿದೆ, ನಾಲಿಗೆ ಹೇಗೆ ಗಾಳಿಯನ್ನು ತಡೆದು ಬಿಡುತ್ತದೆ ಎಂಬುದನ್ನೆಲ್ಲ ವೊಕಾನ್‌ಸನ್ ಅದೇ ವರ್ಷ ಬರೆದು ಅಚ್ಚು ಹಾಕಿಸಿದ. ಗೊಂಬೆ ನಾಶವಾದರೂ ಅದರ ಕಲೆಯನ್ನು ಇವತ್ತಿಗೂ ಓದಿ ತಿಳಿಯಬಹುದು. ನಮ್ಮ ಹುಲಿಯದು ಇದರ ತದ್ವಿರುದ್ಧ ಕಥೆ: ವಸ್ತು ಉಳಿದಿದೆ, ವಿದ್ಯೆ ಹೋಗಿದೆ. ಇನ್ನೊಂದು ಉದಾಹರಣೆ, ಫ್ರಾನ್ಸಿನ ರಾಣಿ ಮರಿ ಆಂಟೊನೆಟ್ ಕೈಸೇರಿದ ತಂತಿವಾದ್ಯದ ಗೊಂಬೆ. ನಮ್ಮ ಸಂತೂರಿನಂಥ ವಾದ್ಯವನ್ನು ಪುಟ್ಟ ಸುತ್ತಿಗೆಗಳಿಂದ ನುಡಿಸುವ ಈ ಹೆಣ್ಣುಗೊಂಬೆಯನ್ನು 1784ರ ಹೊತ್ತಿಗೆ ಮಾಡಿದವರು ಜರ್ಮನಿಯ ಗಡಿಯಾರ ತಯಾರಕ ಪೀಟರ್ ಕಿಂಟ್ಸಿಂಗ್ ಮತ್ತು ಮರಗೆಲಸದ ಡೇವಿಡ್ ರೋಂಟ್‌ಗೆನ್. ರಾಣಿ ಅದನ್ನು ವಿಜ್ಞಾನ ಅಕಾಡೆಮಿಗೆ ಕೊಟ್ಟಳು. ಕೆಟ್ಟು ನಿಂತಿದ್ದ ಅದನ್ನು 19ನೇ ಶತಮಾನದಲ್ಲಿ ಹೆಸರಾಂತ ಜಾದೂಗಾರ ರೊಬೇರ್ ಹೂಡೆನ್ ಸರಿಪಡಿಸಿದ. ಮಾಡಿದ ಇಬ್ಬರ ಹೆಸರೂ ಗೊತ್ತು, ರಿಪೇರಿ ಮಾಡಿದವನ ಹೆಸರೂ ಗೊತ್ತು. ಹೀಗಾಗಿ ಅದು ಫ್ರಾನ್ಸಿನಲ್ಲಿದ್ದರೂ ಅದರ ಶ್ರೇಯಸ್ಸು ಸಲ್ಲಬೇಕಾದ ಜರ್ಮನರಿಗೇ ಸಲ್ಲುತ್ತದೆ.

19ನೇ ಶತಮಾನದ ನಡುವಿನಿಂದ ಮೊದಲ ಮಹಾಯುದ್ಧದವರೆಗೆ ಪ್ಯಾರಿಸ್ ಇಂಥ ಸಂಗೀತದ ಗೊಂಬೆಗಳ ರಾಜಧಾನಿಯಾಗಿತ್ತು. ಹಾಡುವ ಹಕ್ಕಿಗಳಿಗೆ ಬ್ಲೇಸ್ ಬೊಂಟೆಮ್ ಮತ್ತು ಅವನ ಮಕ್ಕಳು ಮೊಮ್ಮಕ್ಕಳು, ವಾದ್ಯ ನುಡಿಸುವ ಮನುಷ್ಯಾಕೃತಿಗಳಿಗೆ ಗುಸ್ತಾವ್ ವಿಶಿ ಮತ್ತು ಲಿಯೊಪೊಲ್ಡ್ ಲ್ಯಾಂಬರ್, ಬಗೆಬಗೆಯ ಪ್ರಾಣಿಗೊಂಬೆಗಳಿಗೆ ರುಲೆ ಮತ್ತು ಡೆಕಾಂ ಹೆಸರಾಗಿದ್ದರು. ಲ್ಯಾಂಬರ್‌ನ ಗೊಂಬೆಗಳಿಗೆ ಬಟ್ಟೆ ಹೊಲಿದವಳು ಅವನ ಹೆಂಡತಿ ಯೂಜೆನಿ ಎಂಬುದು ಕೂಡ ದಾಖಲಾಗಿದೆ. ಈ ಗೊಂಬೆಗಳ ಒಳಗಿರುವ ವಿದ್ಯೆ ಸರಳವೂ ಹೌದು, ಅದ್ಭುತವೂ ಹೌದು. ಸುತ್ತಿದ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ. ಒಂದು ದಂಡಕ್ಕೆ ಏರಿಳಿತದ ಅಂಚುಳ್ಳ ಬಿಲ್ಲೆಗಳನ್ನು ಒತ್ತೊತ್ತಾಗಿ ಪೋಣಿಸಿರುತ್ತಾರೆ. ಆ ಅಂಚಿನ ಮೇಲೆ ಓಡುವ ಸನ್ನೆಗಳು ಏರಿದಂತೆ ಗೊಂಬೆಯ ಕತ್ತು ಹೊರಳುತ್ತದೆ, ಇಳಿದಂತೆ ರೆಪ್ಪೆ ಮುಚ್ಚುತ್ತದೆ. ಬೊಂಟೆಮ್‌ನ ಹಕ್ಕಿಯಲ್ಲಿ ಒಂದು ಸೀಟಿಯೊಳಗೆ ಪುಟ್ಟ ಕೊಂತ ಹಿಂದೆ ಮುಂದೆ ಸರಿಯುತ್ತ ಸ್ವರವನ್ನು ಏರಿಸಿ ಇಳಿಸುತ್ತದೆ. ಅದು ಎಷ್ಟು ಸರಿಯಬೇಕೆಂಬುದು ಬಿಲ್ಲೆಯ ಅಂಚಿನಲ್ಲೇ ಕೊರೆದಿರುತ್ತದೆ. ಅಂದರೆ ಕಲಾವಿದನ ನೆನಪು ಹಿತ್ತಾಳೆಯಲ್ಲಿ ಬರೆದಂತಾಯಿತು. ನೂರೈವತ್ತು ವರ್ಷದ ಮೇಲೆ ರಿಪೇರಿಗೆ ಕೂತವನು ಆ ಬರಹವನ್ನು ಓದಬಲ್ಲ. ಇದರ ಜೊತೆಗೆ ಕೀಲಿಕೈಯ ಮೇಲೆ ಒತ್ತಿದ ಹೆಸರಿನ ಅಕ್ಷರ, 1844ರ ಪೇಟೆಂಟ್ ಕಾಯ್ದೆಯಡಿ ಸಲ್ಲಿಸಿದ ಅರ್ಜಿ, ಅಂತರರಾಷ್ಟ್ರೀಯ ವಸ್ತುಪ್ರದರ್ಶನಗಳ ಪದಕದ ಪಟ್ಟಿ, ಅಂಗಡಿಯ ದರಪಟ್ಟಿ ಎಲ್ಲವೂ ಉಳಿದವು. ಪ್ಯಾರಿಸ್ಸಿನ ಕುಶಲಿಗಳ ಕೀರ್ತಿಗೆ ಅವರ ಜಾಣ್ಮೆಯಷ್ಟೇ ಕಾರಣ ಎಂದು ತಿಳಿಯುವುದು ತಪ್ಪು; ಹೆಸರು ಒತ್ತುವ, ಬರೆದಿಡುವ ಅವರ ರೂಢಿಯೂ ಅಷ್ಟೇ ದೊಡ್ಡ ಕಾರಣ.

ಬಳ್ಳಾರಿಯ ಸುತ್ತ ಇದರ ಕೊರತೆ ಎಷ್ಟು ಹಳೆಯದು ಎಂಬುದಕ್ಕೆ ಎರಡು ಸಾಕ್ಷಿಗಳನ್ನು ಕೊಡಬಹುದು. ಊರಿಗೆ ತಾಗಿದಂತಿರುವ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಬದುಕಿದ್ದರು. ಅಲ್ಲಿನ ಕಪ್ಪು ಬಂಡೆಗಳಲ್ಲಿ ಕೆಲವನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊರಡುತ್ತದೆ. ಬಡಿದು ಬಡಿದು ಬಿದ್ದ ಕುಳಿಗಳು ಆ ಬಂಡೆಗಳ ಮೇಲೆ ಇನ್ನೂ ಇವೆ. ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ 2004ರಲ್ಲಿ ಇವುಗಳ ಬಗ್ಗೆ ಬರೆದಾಗ ಹೊರಗಿನ ಜಗತ್ತೂ ಕಿವಿಗೊಟ್ಟಿತು. ವಾದ್ಯ ಉಳಿದಿದೆ, ವಾದನ ಉಳಿದಿಲ್ಲ. ಅಕ್ಷರವಿಲ್ಲದ ಕಾಲದ ಮಾತು ಇದು ಎಂದು ಇದನ್ನು ಒಪ್ಪಿಕೊಳ್ಳಬಹುದು. ಆದರೆ ಎರಡನೆಯ ಸಾಕ್ಷಿಗೆ ಆ ಸಮಜಾಯಿಷಿ ಸಲ್ಲುವುದಿಲ್ಲ. ಬಳ್ಳಾರಿ ಕೋಟೆಯನ್ನು ಹೈದರಾಲಿ ವಶಪಡಿಸಿಕೊಂಡ ಮೇಲೆ ಫ್ರೆಂಚ್ ಎಂಜಿನಿಯರನೊಬ್ಬನಿಂದ ಅದನ್ನು ಬಲಪಡಿಸಿ, ಕೆಳಕೋಟೆಯನ್ನೂ ಕಟ್ಟಿಸಿದ ಎಂದು ಹೇಳುತ್ತಾರೆ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿದ್ದು ಅಲ್ಲಿಂದ ಕೋಟೆ ಕಾಣುತ್ತದೆ ಎಂಬುದನ್ನು ಗಮನಿಸದ ತಪ್ಪಿಗೆ ಆ ಎಂಜಿನಿಯರನನ್ನು ಗಲ್ಲಿಗೇರಿಸಿದರು ಎಂಬುದು ಊರಿನ ಐತಿಹ್ಯ. ಕೋಟೆಯ ಪೂರ್ವ ಬಾಗಿಲ ಬಳಿ ಇರುವ ಸಮಾಧಿ ಅವನದೇ ಎಂದು ಕೆಲವರು, ಅಲ್ಲ ಅದು ಮುಸ್ಲಿಂ ಸಂತರೊಬ್ಬರದು ಎಂದು ಇನ್ನು ಕೆಲವರು ನಂಬುತ್ತಾರೆ. ಇಡೀ ಊರು ಬಲ್ಲ ಈ ಕಥೆಯಲ್ಲಿ ಹೈದರಾಲಿಗೆ ಹೆಸರಿದೆ, ಗುಡ್ಡಕ್ಕೆ ಹೆಸರಿದೆ, ಕಟ್ಟಿದವನಿಗೆ ಹೆಸರಿಲ್ಲ. ಅವನ ಕೈಕೆಳಗೆ ಕಲ್ಲು ಸೀಳಿ ಗೋಡೆ ಎಬ್ಬಿಸಿದ ಈ ಸೀಮೆಯ ವಡ್ಡರು, ಕಲ್ಲುಕುಟಿಕರಂತೂ ಕಥೆಯೊಳಗೂ ಬರುವುದಿಲ್ಲ.

ಕಳೆದುಹೋದದ್ದನ್ನು ಮರಳಿ ತರಲಾಗದು. ಈಗ ಕೈಯಲ್ಲಿರುವುದರ ಕಥೆ ಬೇರೆ. ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ ತೊಗಲುಗೊಂಬೆಯಾಟ ಇನ್ನೂ ಜೀವಂತವಾಗಿದೆ. ಹದ ಮಾಡಿ ತೆಳುವಾಗಿಸಿದ ತೊಗಲಿನ ಮೇಲೆ ಚಿತ್ರ ಬರೆದು, ಉಳಿಯಿಂದ ಆಭರಣದ ತೂತುಗಳನ್ನು ಕೊರೆದು, ಬಣ್ಣ ಹಚ್ಚಿ, ಕೈಕಾಲುಗಳನ್ನು ದಾರದಿಂದ ಕೂಡಿಸಿ, ನಡುವಿಗೆ ಸೀಳಿದ ಬಿದಿರು ಕಡ್ಡಿ ಕಟ್ಟಿದರೆ ಗೊಂಬೆ ಸಿದ್ಧ. ಪರದೆಯ ಹಿಂದೆ ದೀಪ, ದೀಪದ ಮುಂದೆ ಗೊಂಬೆ, ಗೊಂಬೆಯ ಹಿಂದೆ ಹಾಡು, ಮಾತು, ಮದ್ದಳೆ, ತಾಳ. ಇದು ಕೀಲುಗೊಂಬೆಯಲ್ಲ, ಇಲ್ಲಿ ಸ್ಪ್ರಿಂಗೂ ಇಲ್ಲ, ಹಲ್ಲುಗಾಲಿಯೂ ಇಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ನನ್ನ ವಾದಕ್ಕೆ ಬಲ ಬರುವುದೇ ಈ ವ್ಯತ್ಯಾಸದಿಂದ. ಜೀವವಿಲ್ಲದ್ದನ್ನು ಕುಣಿಸಿ ಹಾಡಿಸುವ ಕೆಲಸ ಎರಡು ಕಡೆಯೂ ಒಂದೇ. ಪ್ಯಾರಿಸ್ಸಿನ ಗೊಂಬೆಯಲ್ಲಿ ಆ ಕುಣಿತದ ಲೆಕ್ಕ ಹಿತ್ತಾಳೆಯ ಬಿಲ್ಲೆಯಲ್ಲಿದೆ, ನಮ್ಮ ಗೊಂಬೆಯಲ್ಲಿ ಅದು ಆಡಿಸುವವನ ಮೊಣಕೈಯಲ್ಲಿ, ಅವನ ಹೆಂಡತಿಯ ಕೊರಳಲ್ಲಿ, ಮಕ್ಕಳ ತಾಳದಲ್ಲಿದೆ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ನೂರು ವರ್ಷ ಬಿದ್ದಿದ್ದರೂ ಬೊಂಟೆಮ್‌ನ ಹಕ್ಕಿಯನ್ನು ಮತ್ತೆ ಹಾಡಿಸಬಹುದು. ತೊಗಲುಗೊಂಬೆಯ ಕುಟುಂಬದಲ್ಲಿ ಒಂದೇ ಒಂದು ತಲೆಮಾರು ಕಲಿಯದೆ ಹೋದರೆ, ಗೊಂಬೆಗಳೆಲ್ಲ ನೆಟ್ಟಗಿದ್ದರೂ ಆಟ ಮುಗಿಯಿತು. ಆದ್ದರಿಂದ ಯಂತ್ರವುಳ್ಳ ನಾಡಿಗಿಂತ ಯಂತ್ರವಿಲ್ಲದ ನಮಗೇ ದಾಖಲೆಯ ಅಗತ್ಯ ಹೆಚ್ಚು.

ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದಕ್ಕೆ ಕಣ್ಣೆದುರಿನ ಉದಾಹರಣೆ. ರಂಗಭೂಮಿಯ ನಟರಾಗಿದ್ದ ಅವರು ತೊಗಲುಗೊಂಬೆಯ ಮೇಳ ಕಟ್ಟಿ, ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯವರ ಬದುಕನ್ನೂ ಪರದೆಯ ಮೇಲೆ ತಂದರು; ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯನ್ನು ಈ ಜಿಲ್ಲೆಗೆ ತಂದರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತ ಅವರನ್ನು ಕಿತ್ತುಕೊಂಡಿತು. ಅವರ ಮೇಳ, ಅವರ ಮನೆಯವರು, ಶಿಷ್ಯರು ಇದ್ದಾರೆ ಎಂಬುದು ನಮ್ಮ ಪುಣ್ಯ. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಆ ಅಜ್ಜಿ ತೊಂಬತ್ತು ದಾಟಿದ್ದರು. ಅಷ್ಟು ವರ್ಷ ಗೊಂಬೆ ಆಡಿಸಿದವರಿಗೆ ಆ ಗೌರವ ಸಂದದ್ದು ಸಂತೋಷದ ವಿಷಯ, ಅದು ಬಹಳ ತಡವಾದದ್ದು ದುಃಖದ ವಿಷಯ. ಪ್ರಶಸ್ತಿ ವ್ಯಕ್ತಿಯನ್ನು ಗೌರವಿಸುತ್ತದೆ. ಅವರ ಕೈಯಲ್ಲಿರುವ ವಿದ್ಯೆಯನ್ನು ಅದು ಬರೆದಿಡುವುದಿಲ್ಲ. ಯಾವ ಪ್ರಸಂಗಕ್ಕೆ ಯಾವ ಧಾಟಿ, ಯುದ್ಧದ ಸನ್ನಿವೇಶದಲ್ಲಿ ಗೊಂಬೆಯನ್ನು ಪರದೆಗೆ ಎಷ್ಟು ಒತ್ತಬೇಕು, ಎಷ್ಟು ದೂರ ಸರಿಸಿದರೆ ನೆರಳು ಹಿಗ್ಗುತ್ತದೆ, ತೊಗಲು ಯಾವ ಹದಕ್ಕೆ ಬಂದಾಗ ಕೊರೆಯಬೇಕು ಎಂಬುದೆಲ್ಲ ಸನ್ಮಾನದ ಬಿನ್ನವತ್ತಳೆಯಲ್ಲಿ ಬರುವುದಿಲ್ಲ. ಒಬ್ಬಿಬ್ಬರಿಗೆ ಪ್ರಶಸ್ತಿ ಸಿಕ್ಕಿತೆಂದು ಉಳಿದ ಹತ್ತಾರು ಕುಟುಂಬಗಳ ಹೆಸರನ್ನು ಬರೆಯುವ ಕರ್ತವ್ಯದಿಂದ ನಾವು ಪಾರಾಗುವುದೂ ಇಲ್ಲ.

ಇದೇ ಮಾತು ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಬಯಲಾಟಕ್ಕೂ ಸಲ್ಲುತ್ತದೆ. ಅಲ್ಲಿ ಹಾಡಿಗೆ ಆಸರೆಯಾಗಿ ನಿಲ್ಲುವ ಹಾರ್ಮೋನಿಯಂ ಪ್ಯಾರಿಸ್ಸಿನಲ್ಲೇ ಹುಟ್ಟಿದ ವಾದ್ಯ. ಅಲೆಕ್ಸಾಂಡ್ರ್ ಡೆಬೆಂ 1842ರಲ್ಲಿ ಆ ಹೆಸರಿನಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕೋಲ್ಕತ್ತದ ದ್ವಾರಕಾನಾಥ ಘೋಷ್ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಾಲಿನ ತಿದಿಯನ್ನು ತೆಗೆದು, ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದು ಕೈಯಲ್ಲಿ ನುಡಿಸುವಂತೆ ಅದನ್ನು ಬದಲಿಸಿದ. ಪ್ಯಾರಿಸ್ಸಿನವನ ಹೆಸರು ಗೊತ್ತು, ಕೋಲ್ಕತ್ತದವನ ಹೆಸರು ಗೊತ್ತು. ಹಳ್ಳಿಯ ಭಾಗವತರ ಏರುಕಂಠಕ್ಕೆ ಸರಿಹೊಂದುವಂತೆ ಇಲ್ಲಿ ಅದರ ಶ್ರುತಿ ತಿದ್ದಿದವರ ಹೆಸರು ಯಾರಿಗೂ ಗೊತ್ತಿಲ್ಲ. ಅದು ಸಣ್ಣ ಕೆಲಸವಲ್ಲ. ಹಿತ್ತಾಳೆಯ ರೀಡಿನ ತುದಿಯನ್ನು ನವಿರಾಗಿ ಅರದಿಂದ ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ, ಒಂದು ಉಜ್ಜು ಹೆಚ್ಚಾದರೆ ರೀಡು ಕೆಡುತ್ತದೆ. ಇದಕ್ಕೆ ಅಳತೆಪಟ್ಟಿ ಇಲ್ಲ, ಕಿವಿಯೇ ಅಳತೆ. ತಿದಿಯ ಚರ್ಮ ಬದಲಿಸುವುದು, ಗಾಳಿ ಸೋರುವ ಕಡೆ ಅಂಟು ಹಾಕುವುದು, ಧೂಳು ತುಂಬಿದ ಮನೆಗಳನ್ನು ಬಿಡಿಸಿ ಕೂಡಿಸುವುದು, ಇದೆಲ್ಲ ಬಲ್ಲವರು ಪ್ರತಿ ಪಟ್ಟಣದಲ್ಲೂ ಕಡಿಮೆಯಾಗುತ್ತಿದ್ದಾರೆ. ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದ ಮೇಲೆ ಅವರ ಕೈಗೆ ಕೆಲಸವೂ ಇಳಿದಿದೆ. ಅವರೊಂದಿಗೆ ಹೋಗುವುದು ಒಂದು ರಿಪೇರಿಯ ಕಸುಬಷ್ಟೇ ಅಲ್ಲ. ಈ ಸೀಮೆಯ ಕಂಠಕ್ಕೆ ಯಾವ ಶ್ರುತಿ ಒಗ್ಗುತ್ತದೆ ಎಂಬ ತಿಳಿವಳಿಕೆಯೇ ಹೋಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗೌರವಕ್ಕೆ ಅರ್ಹವಾದದ್ದು. ನಮ್ಮ ಕಲೆಗಳು ಸಮುದಾಯದವು, ಇಲ್ಲಿ ಹೆಸರು ಹಾಕಿಕೊಳ್ಳುವುದು ಅಹಂಕಾರ, ಹೆಸರಿನ ಗೀಳು ಪಶ್ಚಿಮದ್ದು ಎಂದು ಹಲವರು ಹೇಳುತ್ತಾರೆ. ಈ ಮಾತು ಕೇಳಲು ಸೊಗಸು, ಇತಿಹಾಸ ಅದನ್ನು ಒಪ್ಪುವುದಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು 8ನೇ ಶತಮಾನದ ಶಾಸನದಲ್ಲೇ ಇದೆ, ಅವನಿಗೆ ಸಂದ ಗೌರವವೂ ಅಲ್ಲೇ ಇದೆ. ಹೊಯ್ಸಳ ದೇವಾಲಯಗಳಲ್ಲಿ ಮಲ್ಲಿತಮ್ಮ, ಬಳ್ಳಿಗಾವೆಯ ದಾಸೋಜ ಮುಂತಾದ ರೂವಾರಿಗಳು ತಾವು ಕೆತ್ತಿದ ಶಿಲ್ಪದ ಕೆಳಗೇ ಹೆಸರು ಕೊರೆದಿದ್ದಾರೆ. ಕುರುಗೋಡಿನಲ್ಲೇ ನೋಡಿ, 12ನೇ ಶತಮಾನದಲ್ಲಿ ಅಲ್ಲಿ ಆಳಿದ ಸಿಂದರ ಶಾಸನಗಳು ಯಾವ ದೇವರಿಗೆ ಯಾರು ಏನು ದತ್ತಿ ಬಿಟ್ಟರು ಎಂಬುದನ್ನು ಕಲ್ಲಿನ ಮೇಲೆ ಬರೆದಿಟ್ಟಿವೆ. ಬರೆದಿಡುವುದು ಕನ್ನಡ ನಾಡಿನ ಹಳೆಯ ಸಂಸ್ಕಾರ. ಅರಸನ ದತ್ತಿಯನ್ನು ಬರೆದು ಗೊಂಬೆ ಆಡಿಸುವ ಅಲೆಮಾರಿಯ ವಿದ್ಯೆಯನ್ನು ಬಿಟ್ಟದ್ದಕ್ಕೆ ಕಾರಣ ವಿನಯವಲ್ಲ. ಯಾರ ಕೆಲಸ ಬರೆಯಲು ಯೋಗ್ಯ ಎಂದು ಜಾತಿ ಮತ್ತು ಅಧಿಕಾರ ಮಾಡಿದ ತೀರ್ಮಾನ ಅದು. ಶಿಳ್ಳೇಕ್ಯಾತ ಸಮುದಾಯದ ಕಲಾವಿದನ ಹೆಸರನ್ನು ಬರೆಯದೆ ಬಿಟ್ಟು, ಅದನ್ನು ಅವನ ವಿನಯ ಎಂದು ಕರೆಯುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ ಕಲಾವಿದರ ಕಡೆಯಿಂದಲೇ ಬರಬಹುದು, ಬಂದರೆ ಅದನ್ನು ಕಿವಿಗೊಟ್ಟು ಕೇಳಬೇಕು. ವಿದ್ಯೆಯೇ ಹೊಟ್ಟೆಪಾಡು, ಅದನ್ನು ಬಿಚ್ಚಿಟ್ಟರೆ ಇನ್ಯಾರೋ ಲಾಭ ಮಾಡಿಕೊಳ್ಳುತ್ತಾರೆ ಎಂಬ ಭಯ ಸುಳ್ಳಲ್ಲ. ಗುಟ್ಟು ಕಾಯುವ ಈ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೂ ನಮ್ಮಲ್ಲಿ ಪ್ರಾಚೀನ ಸಾಕ್ಷಿಯಿದೆ. 11ನೇ ಶತಮಾನದ ಭೋಜರಾಜನ ಸಮರಾಂಗಣ ಸೂತ್ರಧಾರದಲ್ಲಿ ಯಂತ್ರಗಳಿಗೇ ಮೀಸಲಾದ ಅಧ್ಯಾಯವೊಂದಿದೆ. ಸದ್ದು ಮಾಡುವ, ಕುಣಿಯುವ ಗೊಂಬೆಗಳು, ಮರದ ಹಕ್ಕಿಗಳು ಅಲ್ಲಿ ಬರುತ್ತವೆ. ಆದರೆ ಅವುಗಳ ರಚನೆಯನ್ನು ಪೂರ್ತಿ ವಿವರಿಸದೆ ಬಿಟ್ಟದ್ದು ತಿಳಿಯದೆ ಅಲ್ಲ, ಗೋಪ್ಯ ಕಾಪಾಡಲು ಎಂದು ಗ್ರಂಥವೇ ಹೇಳುತ್ತದೆ. ಗೋಪ್ಯ ಚೆನ್ನಾಗಿಯೇ ಉಳಿಯಿತು. ಆ ಗೊಂಬೆಗಳಲ್ಲಿ ಒಂದನ್ನಾದರೂ ಇವತ್ತು ನಿಖರವಾಗಿ ಮತ್ತೆ ಮಾಡಬಲ್ಲವರಿಲ್ಲ. ಕಲಾವಿದನ ಭಯಕ್ಕೆ ಪರಿಹಾರ ಮೌನವಲ್ಲ, ಹಕ್ಕು. ದಾಖಲಾತಿಗೆ ಕೂತ ದಿನಗಳಿಗೆ ಅವರಿಗೆ ಗೌರವಧನ ಸಿಗಬೇಕು, ದಾಖಲೆಯ ಪ್ರತಿ ಅವರ ಮನೆಯಲ್ಲೂ ಇರಬೇಕು, ಯಾವುದನ್ನು ಬಹಿರಂಗ ಮಾಡಬೇಕು ಯಾವುದನ್ನು ಕೂಡದು ಎಂದು ಹೇಳುವ ಅಧಿಕಾರ ಅವರದಾಗಬೇಕು. ಕಿನ್ನಾಳದ ಗೊಂಬೆಗೂ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಿಕೆಯ ರಕ್ಷಣೆ ಸಿಕ್ಕಿದೆ. ಆ ರಕ್ಷಣೆ ಊರಿನ ಹೆಸರನ್ನು ಕಾಯುತ್ತದೆ, ಒಳ್ಳೆಯದು. ಕೈಗಳ ಹೆಸರನ್ನು ಕಾಯುವ ಕೆಲಸ ಇನ್ನೂ ಬಾಕಿ ಇದೆ.

ಮೂರನೆಯದು, ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ದಾಖಲೆಗೆ ಏನು ಕೊರತೆ ಎಂಬ ಪ್ರಶ್ನೆ. ಯಾವುದೇ ಉತ್ಸವದಲ್ಲಿ ಗೊಂಬೆಯಾಟವಾದರೆ ಹತ್ತಾರು ಮಂದಿ ಚಿತ್ರೀಕರಿಸುತ್ತಾರೆ, ನಿಜ. ಅವರೆಲ್ಲರೂ ಪರದೆಯ ಮುಂದೆ ಕೂತಿರುತ್ತಾರೆ. ವಿದ್ಯೆ ಇರುವುದು ಪರದೆಯ ಹಿಂದೆ. ಗಡಿಯಾರದ ಮುಖವನ್ನು ಸಾವಿರ ಸಲ ಚಿತ್ರ ತೆಗೆದರೂ ಅದನ್ನು ರಿಪೇರಿ ಮಾಡಲು ಬರುವುದಿಲ್ಲ. ಬೇಕಾದದ್ದು ಬೇರೆಯೇ ಬಗೆಯ ದಾಖಲೆ: ಒಂದು ತೊಗಲು ಹದಕ್ಕೆ ಬರುವುದರಿಂದ ಹಿಡಿದು ಗೊಂಬೆಯಾಗಿ ಪರದೆಗೆ ಬರುವವರೆಗಿನ ಹೆಜ್ಜೆಗಳು, ಆಡಿಸುವಾಗಿನ ಕೈಯ ಚಲನೆ, ಪ್ರಸಂಗದ ಪೂರ್ತಿ ಸಾಹಿತ್ಯ, ಅದರ ಧಾಟಿ, ಯಾರಿಂದ ಯಾರು ಕಲಿತರು ಎಂಬ ಗುರುಪರಂಪರೆ. ಹೀಗೆ ದಾಖಲಿಸಿದರೆ ಕಲೆ ಹೆಪ್ಪುಗಟ್ಟುತ್ತದೆ, ಬೆಳೆಯುವುದಿಲ್ಲ ಎಂಬ ಅಳುಕನ್ನೂ ಕೆಲವರು ಹೇಳುತ್ತಾರೆ. ವೀರಣ್ಣನವರು ರಾಮನ ಗೊಂಬೆಯ ಪಕ್ಕದಲ್ಲಿ ಗಾಂಧೀಜಿಯ ಗೊಂಬೆಯನ್ನು ನಿಲ್ಲಿಸಲು ಸಾಧ್ಯವಾದದ್ದು ಹಳೆಯದನ್ನು ಚೆನ್ನಾಗಿ ಬಲ್ಲವರಾದ್ದರಿಂದ. ವೊಕಾನ್‌ಸನ್ ತನ್ನ ಗೊಂಬೆಯ ವಿವರವನ್ನು ಅಚ್ಚು ಹಾಕಿಸಿದ ಮೇಲೆ ಅಲ್ಲಿಗೇ ನಿಲ್ಲಲಿಲ್ಲ. ಫ್ರಾನ್ಸಿನ ರೇಷ್ಮೆ ಉದ್ಯಮದ ಉಸ್ತುವಾರಿ ವಹಿಸಿ, ಅದೇ ತಿಳಿವಳಿಕೆಯನ್ನು ಮಗ್ಗಕ್ಕೆ ಒಗ್ಗಿಸಿದ, ಆ ದಾರಿಯಲ್ಲಿ ಮುಂದೆ ಝಕಾರ್ ಮಗ್ಗ ಬಂತು. ಬರೆದಿಟ್ಟ ವಿದ್ಯೆ ಬೆಳೆಯುವುದಕ್ಕೆ ಅಡ್ಡಿಯಾದ ಉದಾಹರಣೆ ಸಿಗುವುದು ಕಷ್ಟ. ಬರೆದಿಡದೆ ಸತ್ತ ವಿದ್ಯೆಯ ಉದಾಹರಣೆಗಳು ಬೇಕಾದಷ್ಟಿವೆ.

ಟಿಪ್ಪುವಿನ ಹೆಸರೆತ್ತಿದರೆ ರಾಜಕೀಯ ಬರುತ್ತದೆ ಎಂದು ಹಿಂಜರಿಯುವವರೂ ಇದ್ದಾರೆ. ಅರಸನ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಿದ್ದರೂ ಹುಲಿಯನ್ನು ಕೆತ್ತಿದ ಬಡಗಿಯ ಮೇಲೆ ಯಾರಿಗೂ ದ್ವೇಷ ಇರಬೇಕಾಗಿಲ್ಲ. ಎರಡು ಶತಮಾನಗಳಿಂದ ನಾವು ಆ ಗೊಂಬೆಯಲ್ಲಿ ಟಿಪ್ಪುವನ್ನೂ ಬ್ರಿಟಿಷರನ್ನೂ ಕಂಡಿದ್ದೇವೆ, ಕುಶಲಿಯನ್ನು ಕಂಡಿಲ್ಲ. ಇನ್ನು ಕುಡಿಯುವ ನೀರು, ಗಣಿಯ ಧೂಳು, ಕಾಲುವೆಯ ಕೊನೆಯ ಭಾಗದ ರೈತನ ಕಷ್ಟ ಇರುವ ಜಿಲ್ಲೆಯಲ್ಲಿ ಗೊಂಬೆಗೆ ಹಣವೇಕೆ ಎಂಬ ಮಾತು. ಆ ಕಷ್ಟಗಳು ದೊಡ್ಡವು, ಅವುಗಳ ಪರಿಹಾರಕ್ಕೆ ಬೇಕಾದ ಹಣವೂ ದೊಡ್ಡದು. ನಾನು ಕೇಳುತ್ತಿರುವುದಕ್ಕೆ ಹೊಸ ಕಟ್ಟಡ ಬೇಡ, ಪ್ರತಿಮೆ ಬೇಡ, ಅದ್ದೂರಿ ಉತ್ಸವ ಬೇಡ. ಉತ್ಸವದ ವೇದಿಕೆಯ ದೀಪಾಲಂಕಾರಕ್ಕೆ ಆಗುವ ಖರ್ಚಿನ ಒಂದು ಪಾಲು ಸಾಕು. ಅದಕ್ಕಿಂತ ಮುಖ್ಯವಾಗಿ, ಗೊಂಬೆಯಾಟ, ಬಯಲಾಟ, ವಾದ್ಯ ರಿಪೇರಿ ಇವು ಕೂಡ ಬಡವರ ಜೀವನೋಪಾಯ. ಆ ಕಸುಬಿಗೆ ಗೌರವ ಮತ್ತು ಗಿರಾಕಿ ಎರಡನ್ನೂ ತರುವ ಕೆಲಸವನ್ನು ಐಷಾರಾಮ ಎನ್ನಲಾಗದು.

ಆಗಬೇಕಾದದ್ದು ಇಷ್ಟು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಲ್ಲಿ ಗೊಂಬೆ ಮಾಡುವವರು, ಆಡಿಸುವವರು, ಬಯಲಾಟದ ಭಾಗವತರು, ವೇಷದ ಕಿರೀಟ ಭುಜಕೀರ್ತಿ ಕಟ್ಟುವವರು, ಹಾರ್ಮೋನಿಯಂ ಮದ್ದಳೆ ಸರಿಪಡಿಸುವವರು ಎಲ್ಲರ ಹೆಸರನ್ನೂ ಊರೂರಿಗೆ ಹೋಗಿ ಬರೆದುಕೊಳ್ಳಬೇಕು. ಹೆಣ್ಣುಮಕ್ಕಳ ಹೆಸರು ಗಂಡನ ಹೆಸರಿನ ನೆರಳಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಮತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸೇರಿ ವಿದ್ಯಾರ್ಥಿಗಳಿಂದ ಈ ಕೆಲಸ ಮಾಡಿಸಬಹುದು; ಕರ್ನಾಟಕ ಬಯಲಾಟ ಅಕಾಡೆಮಿ ಅದಕ್ಕೆ ಮಾರ್ಗದರ್ಶನ ಕೊಡಬಹುದು. ಕೋಟೆ, ಸಂಗನಕಲ್ಲು ನೋಡಲು ಬರುವವರಿಗಾಗಿ ನಗರದ ವಸ್ತುಸಂಗ್ರಹಾಲಯದಲ್ಲಿ ಒಂದು ಮೂಲೆಯನ್ನು ಈ ಕುಶಲಿಗಳಿಗೆ ಮೀಸಲಿಡಬೇಕು. ಅಲ್ಲಿ ಗೊಂಬೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ನೇತುಹಾಕಿದರೆ ಸಾಲದು; ಮಕ್ಕಳು ಕೈಯಲ್ಲಿ ಹಿಡಿದು ಆಡಿಸುವಂತಿರಬೇಕು, ಪಕ್ಕದಲ್ಲಿ ಮಾಡಿದವರ ಹೆಸರು, ಊರು, ಗುರುವಿನ ಹೆಸರು ಇರಬೇಕು. ರಾಜ್ಯ ಸರ್ಕಾರ ಲಂಡನ್ನಿನ ವಸ್ತುಸಂಗ್ರಹಾಲಯದ ಜೊತೆ ಮಾತಾಡಿ, ಹುಲಿಯ ಒಳರಚನೆಯ ಅಳತೆಗಳನ್ನು ಪಡೆದು, ನುಡಿಸಬಹುದಾದ ಒಂದು ಪ್ರತಿರೂಪವನ್ನು ಕರ್ನಾಟಕದ ಬಡಗಿಗಳಿಂದಲೇ ಮಾಡಿಸಬೇಕು, ಮಾಡಿದವರ ಹೆಸರನ್ನು ಅದರ ಮೈಮೇಲೆ ಕೊರೆಸಬೇಕು. ಮೂಲವನ್ನು ಮರಳಿ ಕೇಳುವ ಹಕ್ಕಿನ ವಾದ ಬೇರೆಯೇ ಇದೆ, ಅದು ನಡೆಯಲಿ. ಅದಕ್ಕೆ ಕಾಯದೆ ಮಾಡಬಹುದಾದ ಕೆಲಸ ಇದು. ತೊಂಬತ್ತು ದಾಟಿದ ಕಲಾವಿದರ ಮುಂದೆ ಕೂತು ಕೇಳಿ ಬರೆದುಕೊಳ್ಳಲು ನಮಗೆ ಇನ್ನೊಂದು ತಲೆಮಾರಿನಷ್ಟು ಸಮಯವಿಲ್ಲ. ಜಿಲ್ಲಾಡಳಿತ ಈ ವರ್ಷವೇ ಮೊದಲ ಪಟ್ಟಿಯನ್ನು ಆರಂಭಿಸಲಿ.